ಪ್ರಕಾಶಣ್ಣನ ಕ್ಯಾಲೆಂಡರಿಗೆ ಬಂದ ಆಕಾಶ

ಫೋಟೋ ತೆಗೆಸಿಕೊಳ್ಳಲು ಬಂದವರು ತಲೆ ಬಾಚಿಕೊಳ್ಳಲಿ ಎಂದು ನಮ್ಮ ಪ್ರಕಾಶಣ್ಣ, ಅಂದರೆ ಜಯಪ್ರಕಾಶ್, ತಮ್ಮ ಸ್ಟುಡಿಯೋದಲ್ಲಿ ಒಂದು ದೊಡ್ಡ ಕನ್ನಡಿ ಇಟ್ಟಿದ್ದಾರೆ. ಪಕ್ಕದಲ್ಲಿ ಒಂದು ಬಾಚಣಿಗೆ, ಪೌಡರ್ ಡಬ್ಬಿ. ಇಪ್ಪತ್ತಾರು ವರ್ಷ ಆ ಕನ್ನಡಿ ಗೋಡೆಗೆ ಒರಗಿ ನೆಟ್ಟಗೆ ನಿಂತಿತ್ತು. ಹೋದ ವರ್ಷ ಅವರು ಅದನ್ನು ಒಂದು ಗೇಣಿನಷ್ಟು ಬಾಗಿಲ ಕಡೆಗೆ ತಿರುಗಿಸಿದರು. ಹಾಗೆ ತಿರುಗಿಸಿದ ಮೇಲೆ, ರಸ್ತೆಗೆ ಬೆನ್ನು ಹಾಕಿ ಕುಳಿತರೂ ಎದುರು ಸಾಲಿನ ಮಾಹೀನಳ ಫೋಟೋ ಅಂಗಡಿ ಕಾಣುತ್ತಿತ್ತು. ಯಾರು ಒಳಗೆ ಹೋದರು, ಎಷ್ಟು ಹೊತ್ತು ಕೂತರು, ಹೊರಗೆ ಬರುವಾಗ ಮುಖದಲ್ಲಿ ನಗು ಇತ್ತೋ ಇಲ್ಲವೋ, ಎಲ್ಲವೂ ಕನ್ನಡಿಯಲ್ಲಿ. ಯಾರಾದರೂ ಅದರ ಮುಂದೆ ನಿಂತು ಕ್ರಾಪು ತೀಡುತ್ತಾ ಹೊತ್ತು ಮಾಡಿದರೆ, "ಸಾಕು ಬಾರಪ್ಪ, ಇರೋ ನಾಕು ಕೂದ್ಲ ಎಷ್ಟು ಬಾಚೀಯ" ಎಂದು ಗದರುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಕ್ರಾಪಲ್ಲ, ಅಡ್ಡ ನಿಂತವನು ಸರಿಯುವುದು.

ನಮ್ಮೂರು ಭಾರತೀನಗರ. ಹಳಬರ ಬಾಯಲ್ಲಿ ಇವತ್ತಿಗೂ ದೊಡ್ಡಿಯೇ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸುಗಳು ನಿಲ್ಲುವ ಜಾಗದಿಂದ ನಾಲ್ಕನೇ ಮಳಿಗೆ ಅವರ ಸ್ಟುಡಿಯೋ, ಐದನೆಯದು ನನ್ನ ಹೊಲಿಗೆ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಾರೆ. ಇಲ್ಲಿ ಬರೆದಿರುವುದೆಲ್ಲ ಹಾಗೆ ಕೂತು ಅವರೇ ಹೇಳಿದ್ದು. ಬರೆ ಎಂದದ್ದೂ ಅವರೇ. "ನನ್ ಒಟ್ಟೆಕಿಚ್ಚು ಬುಟ್ಟು ಬರೀಬೇಡ ಕಣಮ್ಮ, ಅದ ಬುಟ್ರೆ ಇದ್ರಲ್ಲಿ ಇನ್ನೇನೂ ಇಲ್ಲ" ಎಂದರು.

ಮಾಹೀನ್ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವ ಫಕ್ರುದ್ದೀನ್ ಸಾಹೇಬರ ಮಗಳು. ಇಲ್ಲಿನ ಕಾಲೇಜಿನಲ್ಲಿ ಓದು ಮುಗಿಸಿ, ಪ್ರಕಾಶಣ್ಣನ ಹತ್ತಿರ ಎರಡು ವರ್ಷ ಕೆಲಸ ಕಲಿತಳು. ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು, ಆಲ್ಬಂ ಜೋಡಿಸುವುದು, ಆಮೇಲೆ ಕ್ಯಾಮೆರಾ ಹಿಡಿಯುವುದು. ಮೊದಲ ವರ್ಷ ಅವಳ ಮುಖ್ಯ ಕೆಲಸ ಸೀಲು ಒತ್ತುವುದಾಗಿತ್ತು. ಪ್ರಕಾಶಣ್ಣನ ಸ್ಟುಡಿಯೋದಿಂದ ಹೊರಗೆ ಹೋಗುವ ಪ್ರತಿ ಫೋಟೋದ ಬೆನ್ನಿಗೂ ಅವರ ಹೆಸರಿನ ದುಂಡು ಸೀಲು ಬೀಳಲೇಬೇಕು. ಸಾವಿರಾರು ಸಲ ಅವಳು ಅವರ ಹೆಸರನ್ನು ಒತ್ತಿದ್ದಾಳೆ.

ಊಟದ ಹೊತ್ತಿನಲ್ಲಿ ಅವಳಿಗೆ ಒಂದು ಹುಚ್ಚಿತ್ತು. ಡಬ್ಬಿ ತೆಗೆದುಕೊಂಡು ಸ್ಟುಡಿಯೋದ ತಾರಸಿಗೆ ಹೋಗುವಳು, ಒಂದು ಕೈಯಲ್ಲಿ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಆಕಾಶದ ಫೋಟೋ ತೆಗೆಯುವಳು. ಬರಿ ಆಕಾಶ. ಗಿಡವಿಲ್ಲ, ಮನೆಯಿಲ್ಲ. "ಏನವ್ವ ಅದು, ಗಿರಾಕಿ ಇಲ್ದಿರೋ ಫೋಟೋ?" ಎಂದು ಪ್ರಕಾಶಣ್ಣ ಕೇಳಿದರೆ, "ಇಟ್ಟಿರೋಣ ಅಣ್ಣ, ಯಾವತ್ತಾದ್ರೂ ಬೇಕಾಗುತ್ತೆ" ಎನ್ನುವಳು. ಅವೆಲ್ಲವನ್ನೂ ಕಂಪ್ಯೂಟರಿನಲ್ಲಿ 'ಬಾನು' ಎಂದು ಹೆಸರಿಟ್ಟು ಒಂದು ಕಡೆ ಕೂಡಿಟ್ಟಿದ್ದಳು.

ಯುಗಾದಿಯೂ ರಂಜಾನ್ ಹಬ್ಬವೂ ಒಂದರ ಹಿಂದೊಂದು ಬಂದಿದ್ದ ಆ ವಾರದಲ್ಲೇ ಅವಳು ಎದುರು ಸಾಲಿನಲ್ಲಿ ಸ್ವಂತ ಅಂಗಡಿ ತೆರೆದಳು. ಮೊದಲ ಲೋಟ ಶ್ಯಾವಿಗೆ ಪಾಯಸವನ್ನು ಫಕ್ರುದ್ದೀನ್ ಸಾಹೇಬರು ಪ್ರಕಾಶಣ್ಣನ ಕೈಗೇ ಕೊಟ್ಟರು. "ಗುರುಗಳು ನೀವು, ಹರಸಿ ಹೋಗಿ" ಎಂದರು. ಪ್ರಕಾಶಣ್ಣ ಹರಸಿಯೇ ಬಂದರು. ಆ ದಿನ ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲವಂತೆ.

ಹೊಟ್ಟೆಕಿಚ್ಚು ಬಂದದ್ದು ಮೂರು ವಾರದ ಮೇಲೆ. ನಿಡಘಟ್ಟದ ಶಿವಣ್ಣ ಎಂಬುವರ ಹೊಸ ಮನೆಯ ಫೋಟೋವನ್ನು ಗೃಹಪ್ರವೇಶದ ದಿನ ಪ್ರಕಾಶಣ್ಣ ತೆಗೆದಿದ್ದರು. ಅವತ್ತು ಮೋಡ ಕವಿದು, ಮನೆಯ ಹಿಂದಿನ ಆಕಾಶ ಒಗೆದು ಹಿಂಡದ ಪಂಚೆಯ ಹಾಗೆ ಬಿದ್ದಿತ್ತು. ಶಿವಣ್ಣ ಆ ಫೋಟೋವನ್ನು ಮಾಹೀನಳ ಹತ್ತಿರ ತಂದರು. ಅವಳು ಹಳೆಯ ಆಕಾಶ ತೆಗೆದು ನೀಲಿ ಆಕಾಶ ಕೂರಿಸಿ, ದೊಡ್ಡದು ಮಾಡಿ, ಚೌಕಟ್ಟು ಹಾಕಿ, ಅವರು ಬಂದು ಒಯ್ಯುವವರೆಗೂ ಅಂಗಡಿಯ ಮುಂದೆ ನಿಲ್ಲಿಸಿದಳು. ಶಿವಣ್ಣ ಅದನ್ನು ಎತ್ತಿಕೊಂಡು ನೇರ ಪ್ರಕಾಶಣ್ಣನ ಸ್ಟುಡಿಯೋಗೇ ಬಂದುಬಿಟ್ಟರು, ತೋರಿಸಲು.

"ನೋಡ್ಲಾ ಪ್ರಕಾಸ, ಎಂಗೆ ಮಾಡವ್ಳೆ ನಿನ್ ಸಿಸ್ಯೆ! ನೀನು ತೆಗ್ದಾಗ ಮನೆ ಇತ್ತು ಅಷ್ಟೇಯ. ಈಗ ನೋಡು, ಅರಮನೆ ಅರಮನೆ ಇದ್ದಂಗದೆ."

"ಚೆಂದಾಗದೆ ಕಣಣ್ಣ" ಎಂದರು ಪ್ರಕಾಶಣ್ಣ.

ಚೌಕಟ್ಟಿನ ಹಿಂದಿನ ರಟ್ಟನ್ನು ಸರಿಸಿ ನೋಡುವ ಆಸೆ ಅವರಿಗೆ ತಡೆಯಲಾಗಲಿಲ್ಲ. ಅಲ್ಲಿ ಯಾರ ಸೀಲೂ ಇರಲಿಲ್ಲ. ಅವರ ಸೀಲು ಇದ್ದ ಪ್ರತಿ ಶಿವಣ್ಣನ ಜೇಬಿನಲ್ಲಿ ಎರಡು ಮಡಿಕೆಯಾಗಿ ಕೂತಿತ್ತು. ಕನ್ನಡಿ ತಿರುಗಿದ್ದು ಆ ಸಂಜೆ.

ಅಲ್ಲಿಂದ ಅವರ ದಿನಗಳು ಅವರವಾಗಿ ಉಳಿಯಲಿಲ್ಲ. ಮನೆಯಲ್ಲಿ ಅನ್ನ ಬಡಿಸುತ್ತಾ ಹೆಂಡತಿ ರೂಪ, "ಮಾಹೀನ್ ಸಿಕ್ಕಿದ್ಲು, ಪಾಪ ನಿಮ್ಮ ಕೇಳಿದ್ಲು" ಎಂದರೆ ತುತ್ತು ನಿಲ್ಲುತ್ತಿತ್ತು. ಅವಳ ಅಂಗಡಿಯ ಮುಂದಿನ ಚಪ್ಪಲಿಗಳನ್ನು ಎಣಿಸುತ್ತಿದ್ದರು. ಒಂದು ದಿನ ಹನ್ನೊಂದು ಜೊತೆ ಇದ್ದವಂತೆ. ಅವುಗಳಲ್ಲಿ ಒಂದು ಜೊತೆ ತಮ್ಮದೇ ಹಳೆಯ ಗಿರಾಕಿ ಕೆಂಪಸಿದ್ದಯ್ಯನ ಟೈರ್ ಚಪ್ಪಲಿ ಎಂದು ಅಷ್ಟು ದೂರದಿಂದ ಗುರುತು ಹಿಡಿದಿದ್ದರು. ಹಳ್ಳಿಗಳಿಂದ ಬಂದವರು ಕೈಯಲ್ಲಿ ಮಂಕು ಫೋಟೋ ಹಿಡಿದು, "ಅದೇ, ಬಾನು ಆಕ್ಕೊಡೋ ಉಡುಗಿ ಅಂಗ್ಡಿ ಯಾವ್ದು?" ಎಂದು ಇವರನ್ನೇ ಕೇಳುತ್ತಿದ್ದರು. ಇವರು ಕೈ ತೋರಿಸಿ ಕಳಿಸುತ್ತಿದ್ದರು. ಆ ಕೈಯನ್ನು ಆಮೇಲೆ ಸುಮ್ಮನೆ ನೋಡಿಕೊಳ್ಳುತ್ತಿದ್ದರು.

ಇಷ್ಟರ ನಡುವೆಯೂ ಅವರಿಗೊಂದು ಧೈರ್ಯವಿತ್ತು. ಅದು ಚೌಡಯ್ಯನವರ ಕ್ಯಾಲೆಂಡರ್. ಮಳವಳ್ಳಿ ರಸ್ತೆಯಲ್ಲಿ ಅಕ್ಕಿ ಗಿರಣಿ ನಡೆಸುವ ಚೌಡಯ್ಯ ಪ್ರತಿ ವರ್ಷ ಗಿರಾಕಿಗಳಿಗೆ ಕ್ಯಾಲೆಂಡರ್ ಹಂಚುತ್ತಾರೆ. ಮೇಲೆ ದೊಡ್ಡದಾಗಿ ನಮ್ಮ ಕಡೆಯ ಒಂದು ಗದ್ದೆಯ ಫೋಟೋ, ಕೆಳಗೆ ತಿಂಗಳುಗಳು. ಹುಣ್ಣಿಮೆ, ಅಮಾವಾಸ್ಯೆ, ರಾಹುಕಾಲ ನೋಡಲು ಅದಿಲ್ಲದೆ ಆಗದು, ಹಾಗಾಗಿ ಸುತ್ತಲ ಊರುಗಳಲ್ಲಿ ದೇವರ ಗೂಡಿನ ಪಕ್ಕದ ಮೊಳೆ ಅದಕ್ಕೇ ಮೀಸಲು. ಫೋಟೋದ ಮೂಲೆಯಲ್ಲಿ 'ಛಾಯಾಚಿತ್ರ: ಜಯಪ್ರಕಾಶ್, ಭಾರತೀನಗರ' ಎಂದು ಒಂಬತ್ತು ವರ್ಷ ಬಂದಿತ್ತು. ಬೇರೆ ಸೀಲುಗಳೆಲ್ಲ ಫೋಟೋದ ಬೆನ್ನಿಗೆ. ಇದೊಂದೇ ಅವರ ಹೆಸರು ಎದುರಿಗೆ ಇದ್ದದ್ದು.

ಶ್ರಾವಣದಲ್ಲಿ ಚೌಡಯ್ಯ ಕರೆದು, "ಈ ಸಲ ಆ ಮಗೀಗೂ ಒಂದು ಫೋಟೋ ತರಾಕ್ಕೇಳಿವ್ನಿ. ಎರಡೂ ನೋಡ್ತೀನಿ, ಯಾವ್ದು ಚೆಂದಾಗದೋ ಅದು. ಬೇಜಾರಿಲ್ಲ ತಾನೇ?" ಎಂದರು.

"ಇದ್ರಲ್ಲಿ ಬೇಜಾರೇನು ಬುಡಿ" ಎಂದು ಬಂದವರು ಅವತ್ತು ಮಧ್ಯಾಹ್ನ ನನ್ನ ಸ್ಟೂಲಿನ ಮೇಲೆ ಕೂತರು. ಒಂದು ರವಿಕೆಯ ಎರಡು ತೋಳು ಮುಗಿಯುವಷ್ಟು ಹೊತ್ತು ಕೂತಿದ್ದು ಎದ್ದು ಹೋದರು.

ಮರುದಿನದಿಂದ ಅವರು ನಾಲೆಯ ಕೆಳಗಿನ ಗದ್ದೆಗಳಿಗೆ ಹೋಗತೊಡಗಿದರು. ನಾಟಿಯ ಕಾಲ. ಒಂದು ಬೆಳಿಗ್ಗೆ ಒಳ್ಳೆಯ ನೋಟ ಸಿಕ್ಕಿತು, ಫೋಟೋ ತೆಗೆದರು. ಹೆಂಗಸರ ಸಾಲು ಬಗ್ಗಿ ಪೈರು ನೆಡುತ್ತಿದೆ, ಬದುವಿನ ಮೇಲೆ ಐದು ತೆಂಗಿನ ಮರ, ಕೆಸರುಗದ್ದೆಯಲ್ಲಿ ತೆಳ್ಳಗೆ ನಿಂತ ನೀರು. ಎಲ್ಲವೂ ಇತ್ತು, ಆಕಾಶ ಮಾತ್ರ ಬೂದಿ ಬಳಿದ ಹಾಗಿತ್ತು. ನಾಲ್ಕು ದಿನ ಕಾದರು. ನಾಟಿಯ ಕಾಲದ ಆಕಾಶ, ಇನ್ನು ಹೇಗೆ ಇದ್ದೀತು? ನಾಲ್ಕು ದಿನವೂ ಬೂದಿಯೇ. ಐದನೆಯ ದಿನಕ್ಕೆ ನಾಟಿ ಮುಗಿದಿತ್ತು.

ಆಗ ಅವರಿಗೆ 'ಬಾನು' ನೆನಪಾಯಿತು.

ಹಳೆಯ ಕಂಪ್ಯೂಟರಿನಲ್ಲಿ ಅದು ಹಾಗೇ ಇತ್ತು. ಮಾಹೀನ್ ಹೋಗುವಾಗ ತನ್ನ ಪ್ರತಿ ಒಯ್ದು, ಇದನ್ನು ಅಳಿಸದೆ ಬಿಟ್ಟಿದ್ದಳು. ಇನ್ನೂರು ಚಿಲ್ಲರೆ ಆಕಾಶಗಳು. ಪ್ರಕಾಶಣ್ಣ ತಮಗೆ ತಾವೇ ಒಂದು ನ್ಯಾಯ ಹೇಳಿಕೊಂಡರು: ಕಂಪ್ಯೂಟರ್ ನನ್ನದು, ಕ್ಯಾಮೆರಾ ನನ್ನದು, ತಾರಸಿ ನನ್ನದು, ಇನ್ನು ಆಕಾಶ ದೇವರದ್ದು, ಇದರಲ್ಲಿ ಅವಳದ್ದೇನು ಬಂತು? ಈ ನ್ಯಾಯವನ್ನು ಅವರು ನನಗೆ ಹೇಳಿದಾಗ, ಅವರ ದನಿಯಲ್ಲೇ ಅದು ನಿಲ್ಲಲಿಲ್ಲ.

ಆಕಾಶ ಬದಲಿಸುವ ಸಾಫ್ಟ್‌ವೇರು ಅವರ ಕಂಪ್ಯೂಟರಿನಲ್ಲೂ ಇತ್ತು. ಬಳಸಿರಲಿಲ್ಲ, ಅಷ್ಟೆ. ಮೊಬೈಲಿನಲ್ಲಿ ಕಲಿಸುವ ವಿಡಿಯೋ ಹಾಕಿಕೊಂಡು, ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ ಕಲಿತರು. ಹಗಲಿನಲ್ಲೇ ಶಟರ್ ಅರ್ಧ ಇಳಿಸಿ ಕೂರುತ್ತಿದ್ದರು. ಕಲಿಯುತ್ತಿರುವುದು ಎದುರು ಸಾಲಿಗೆ ಗೊತ್ತಾಗಬಾರದಲ್ಲ. ಹಳೆಯ ಆಕಾಶವನ್ನು ಯಂತ್ರವೇ ಗುರುತಿಸಿ ತೆಗೆಯುತ್ತದೆ, ಹೊಸದನ್ನು ಇಡುತ್ತದೆ. ಕಷ್ಟವೆಲ್ಲ ತೆಂಗಿನ ಗರಿಗಳಲ್ಲಿ. ಗರಿ ಗರಿಯ ಸಂದಿನಲ್ಲೂ ಹಳೆಯ ಬೂದಿ ಅಂಟಿಕೊಂಡಿರುತ್ತದೆ. ಐದು ಮರಗಳ ಒಂದೊಂದು ಗರಿಯನ್ನೂ ದೊಡ್ಡದು ಮಾಡಿ, ತಲೆಯಲ್ಲಿ ಹೇನು ಹೆಕ್ಕುವ ಹಾಗೆ ಬೂದಿ ಹೆಕ್ಕಿದರು. ಹದಿನೆಂಟು ದಿನ ಹಿಡಿಯಿತು. ಅವರು ಆರಿಸಿದ್ದು ಮಾಹೀನ್ ತೆಗೆದಿದ್ದರಲ್ಲೇ ಚೆಂದದ್ದು: ಶುದ್ಧ ನೀಲಿ, ಅದರಲ್ಲಿ ಅರಳೆ ಹಿಂಜಿಟ್ಟ ಹಾಗೆ ಬಿಳಿಯ ಮೋಡ. ಒಂದು ಮೋಡದ ಅಂಚಿನಲ್ಲಿ ಎಳ್ಳುಕಾಳಿನಷ್ಟು ಚಿಕ್ಕದಾಗಿ ಒಂದು ಹದ್ದು ಇತ್ತು. ಇರಲಿ, ಶುಭ ಎಂದು ಬಿಟ್ಟರು.

ದೀಪಾವಳಿ ಕಳೆದ ಮೇಲೆ ಗಿರಣಿಯಲ್ಲಿ ಅಕ್ಕಿ ಮೂಟೆಗಳ ಮೇಲೆ ಚೌಡಯ್ಯ ಎರಡೂ ಫೋಟೋ ಹಾಸಿದರು. ಮಾಹೀನಳದ್ದೂ ನಾಟಿ ಗದ್ದೆಯೇ. ಆದರೆ ಮೇಲೆ ಅದೇ ಬೂದಿ ಆಕಾಶ.

"ಏನವ್ವ, ಊರ್ಗೆಲ್ಲ ಬಾನು ಆಕ್ಕೊಡ್ತೀಯ, ನಿಂದ್ಕೇ ಮಂಕು ಬಾನಾ?" ಎಂದರು ಚೌಡಯ್ಯ.

"ಟೈಮ್ ಸಿಕ್ಲಿಲ್ಲ ಸರ್. ಮದ್ವೆ ಆಲ್ಬಂಗಳು ತುಂಬಾ ಇದ್ವು."

"ನೋಡು, ಪ್ರಕಾಸಂದು ಎಂಗದೆ. ಗೋಡೆ ಬೆಳಗ್ತದೆ ಗೋಡೆ! ಇದೇ ಇರ್ಲಿ."

ಮಾಹೀನ್ ಪ್ರಕಾಶಣ್ಣನ ಫೋಟೋದ ಮೇಲೆ ಬಗ್ಗಿದಳು. ತುಂಬಾ ಹೊತ್ತು ನೋಡಿದಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮತ್ತೆ ಮೇಲೆ. ಏನೋ ಹೇಳಲು ಬಾಯಿ ತೆರೆದು, "ಗರಿಗಳನ್ನ ಚೆನ್ನಾಗಿ ಬಿಡಿಸಿದ್ದೀರ ಅಣ್ಣ" ಎಂದಷ್ಟೇ ಹೇಳಿದಳು. ಅವಳ ಮುಖ ಸಪ್ಪಗಾಗಿದ್ದನ್ನು ಪ್ರಕಾಶಣ್ಣ ಕಂಡರು. ಉರಿಯುತ್ತಿದೆ ಅವಳಿಗೆ, ಎಂದುಕೊಂಡರು. ಆರು ತಿಂಗಳು ನಾನು ಪಟ್ಟದ್ದು ಒಂದು ಗಳಿಗೆಯಾದರೂ ಅವಳೂ ಪಡಲಿ. ಅವತ್ತು ದಾರಿಯಲ್ಲಿ ಬಸ್ಸು ಹತ್ತದೆ, ಕಬ್ಬಿನ ಗಾಡಿಗಳ ಹಿಂದೆ ನಡೆದುಕೊಂಡೇ ಬಂದರಂತೆ. ಅಷ್ಟು ಸುಖವಾಗಿತ್ತಂತೆ. ಬಂದವರೇ ಕನ್ನಡಿಯನ್ನು ಮತ್ತೆ ಗೋಡೆಗೆ ನೆಟ್ಟಗೆ ಒರಗಿಸಿದರು.

ಕ್ಯಾಲೆಂಡರ್ ಅಚ್ಚಾಗಿ ಬಂದದ್ದು ಹೊಸ ವರ್ಷದ ಹಿಂದಿನ ವಾರ. ಮೊದಲ ಪ್ರತಿಯನ್ನು ಮನೆಗೆ ಒಯ್ದು ತಾಯಿ ಸಣ್ಣತಾಯಮ್ಮನಿಗೆ ತೋರಿಸಿದರು. ಎಪ್ಪತ್ತು ದಾಟಿದ ಮುದುಕಿ, ನಲವತ್ತು ವರ್ಷ ನಾಟಿ ಹಾಕಿದವರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ.

"ಲೋ ಪ್ರಕಾಸ, ಇದ್ಯಾಕ್ಲಾ ಮ್ಯಾಲೊಂದು ಬಾನು, ಕೆಳೀಕೊಂದು ಬಾನು?"

"ಕೆಳೀಕ್ಯಾವ ಬಾನವ್ವ? ಕೆಳೀಕೆ ಗದ್ದೆ."

"ಗದ್ದೆ ನೀರ ನೋಡ್ಲಾ. ನೀರ್ನಾಗೆ ಮಳೆ ಮೋಡ ಕವ್ಕಂಡದೆ, ಮ್ಯಾಲೆ ನೋಡುದ್ರೆ ಸಂಕ್ರಾಂತಿ ಬಿಸ್ಲು ಒಡೀತದೆ. ಯಾವ ಸೀಮೆ ಗದ್ದೆಲಾ ಇದು?"

ಪ್ರಕಾಶಣ್ಣ ನೋಡಿದರು. ಹೆಂಗಸರ ಕಾಲಿನ ಸುತ್ತ, ಪೈರಿನ ಸಾಲುಗಳ ನಡುವೆ, ನೀರಿನಲ್ಲಿ ಆ ಬೆಳಗಿನ ಬೂದಿ ಆಕಾಶ ಹಾಗೇ ಬಿದ್ದಿತ್ತು. ತೆಂಗಿನ ಗರಿಯ ಸಂದಿನಲ್ಲಿ ಒಂದು ಚುಕ್ಕೆ ಬೂದಿ ಬಿಡದೆ ಹೆಕ್ಕಿದವರು, ಅರ್ಧ ಫೋಟೋ ತುಂಬಿದ್ದ ಬೂದಿಯನ್ನು ನೋಡಿಯೇ ಇರಲಿಲ್ಲ. ಅಷ್ಟರಲ್ಲಿ ಕ್ಯಾಲೆಂಡರುಗಳು ಗಿರಣಿಯಿಂದ ಹೊರಟಿದ್ದವು. ಅಕ್ಕಿ ಮೂಟೆಯ ಜೊತೆ ಸುರುಳಿ ಸುರುಳಿಯಾಗಿ ಎತ್ತಿನ ಗಾಡಿ, ಆಟೋ, ಟೆಂಪೋ ಹತ್ತಿ ಊರೂರಿಗೆ ಹೋಗಿದ್ದವು.

ಫೋಟೋ ತೆಗೆಯಲು ಯಾವ ಮನೆಗೆ ಹೋದರೂ ಅದು ಗೋಡೆಯ ಮೇಲೆ. ಗಂಡಸರಿಗೆ ಗೊತ್ತಾಗಲಿಲ್ಲ. ಅವರು, "ಪ್ರಕಾಸಣ್ಣ, ಬಾನು ಬೊಂಬಾಟಾಗದೆ ಕಣಣ್ಣ" ಎನ್ನುವರು. ಅದು ಇನ್ನೊಂದು ಬಗೆಯ ಉರಿ. ಹೊಗಳಿಕೆ ಬರುತ್ತಿದ್ದದ್ದು ತಮ್ಮ ಗದ್ದೆಗಲ್ಲ, ತಮ್ಮ ತೆಂಗಿಗಲ್ಲ, ಅವಳ ಆಕಾಶಕ್ಕೆ. ತಮ್ಮದೇ ಕ್ಯಾಲೆಂಡರಿನಲ್ಲಿ ತಮ್ಮ ಹೆಸರಿನ ಮೇಲೆ ಅವಳು ಗೆದ್ದು ಕೂತಿದ್ದಳು. ಹೆಂಗಸರು ಮಾತ್ರ ಒಂದು ಗಳಿಗೆ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಮೊಮ್ಮಗುವಿನ ನಾಮಕರಣದ ಫೋಟೋಗೆ ಕರೆಸಿದ್ದ ಮಲ್ಲಿಗಮ್ಮ ಎಂಬುವರು ಬಾಯಿಬಿಟ್ಟೇ ಹೇಳಿದರು.

"ನಾಟಿ ಆಕುವಾಗ ನಾವು ಬಾನ ನೋಡಾಕೆ ತಲೆ ಎತ್ತೀವಾ ಪ್ರಕಾಸಣ್ಣ? ಎತ್ತುದ್ರೆ ಸೊಂಟ ಇಡ್ಕತ್ತದೆ. ನೀರ್ನಾಗೇ ನೋಡ್ಕಂಡು, ಮೋಡ ಆಯ್ತು ಕಣ್ರೇ, ಬಿರ್ನೆ ಆಕಿ, ಅಂತೀವಿ. ಈ ಕ್ಯಾಲೆಂಡರ್‌ನ ಎಂಗುಸ್ರು ಇನ್ನೇನು ಮಳೇಲಿ ನೆಂದೋಯ್ತಾರೆ, ಪಾಪ!"

ಮನೆಯ ತುಂಬ ಹೆಂಗಸರು ನಕ್ಕರು. ಪ್ರಕಾಶಣ್ಣನೂ ನಕ್ಕರು, ನಗದೆ ಇನ್ನೇನು ಮಾಡುವುದು. ಆದರೆ ಗಿರಣಿಯಲ್ಲಿ ಮಾಹೀನಳ ಕಣ್ಣು ಮೇಲಿನಿಂದ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಿದ್ದು ಆ ಕ್ಷಣ ಅವರ ನೆನಪಿಗೆ ಬಂತು.

ಅಲ್ಲಿಂದ ನೇರವಾಗಿ, ಕ್ಯಾಮೆರಾ ಬ್ಯಾಗನ್ನೂ ಇಳಿಸದೆ, ರಸ್ತೆ ದಾಟಿ ಅವಳ ಅಂಗಡಿಗೆ ಹೋದರು. ಪಾಯಸ ಕುಡಿದ ದಿನದ ಮೇಲೆ ಅದೇ ಮೊದಲು. ಅವಳು ಎದ್ದು ನಿಂತು ಕುರ್ಚಿ ಕೊಟ್ಟಳು. ಕೂರಲಿಲ್ಲ.

"ನಿಂಗೆ ಅವತ್ತೇ ಗೊತ್ತಾಯ್ತಲ್ವಾ?"

"ಯಾವ್ದು ಅಣ್ಣ? ನೀರಾ, ಹದ್ದಾ?"

ಪ್ರಕಾಶಣ್ಣ ಕುರ್ಚಿಯಲ್ಲಿ ಕೂತರು.

"ಆ ಹದ್ದು ಮಕರ ಸಂಕ್ರಾಂತಿ ಹಿಂದಿನ ದಿನದ್ದು. ನಮ್ ತಾರಸಿ ಮೇಲೇ ಸುತ್ತಿತ್ತು. ಅವತ್ತು ಡಬ್ಬೀಲಿ ಅಮ್ಮಿ ಮಾಡಿದ್ದ ಮೀನಿತ್ತು, ಅದಕ್ಕೆ" ಎಂದಳು ಮಾಹೀನ್. "ನಮ್ ತಾರಸಿ ಅಂದೆ. ನಿಮ್ ತಾರಸಿ."

"ಅವತ್ತೇ ಏಳಬೋದಿತ್ತಲ್ಲವ್ವ. ಇನ್ನೂ ಅಚ್ಚಿಗೆ ಓಗಿರ್ನಿಲ್ಲ. ನೀರಿಗೂ ಬಾನು ಆಕ್ಬೇಕು ಅಂತ ಒಂದು ಮಾತು."

"ಹೇಳೋಕೆ ಬಾಯಿ ತೆಗ್ದೆ ಅಣ್ಣ. ಹೇಳಿದ್ರೆ, ನಂಗೆ ಹೊಟ್ಟೆಕಿಚ್ಚು ಅಂದ್ಕೊಳ್ತಿದ್ರಿ."

ಅವಳ ಮುಖ ಸಪ್ಪಗಾದದ್ದು ಯಾಕೆಂದು ಪ್ರಕಾಶಣ್ಣನಿಗೆ ಈಗ ತಿಳಿಯಿತು. ಅಂದುಕೊಂಡೇ ಬಿಟ್ಟಿದ್ದರಲ್ಲ, ಅಂದುಕೊಂಡು ಸುಖಪಟ್ಟೂ ಆಗಿತ್ತು.

"ಆಕಾಶ ತಿರುಗಾಮುರುಗಾ ಮಾಡಿ ನೀರಿನ ಮೇಲೆ ಇಡ್ಬೇಕು, ಆಮೇಲೆ ಪೈರೆಲ್ಲ ಒಂದೊಂದೇ ಬಿಡಿಸ್ಬೇಕು. ಅದಕ್ಕೇ ನಾನು ನಂದ್ರಲ್ಲಿ ಕೈ ಹಾಕ್ಲಿಲ್ಲ. ಅಷ್ಟು ದಿನ ಎಲ್ಲಿಂದ ತರೋದು?" ಎಂದಳು. "ತೋರಿಸ್ಲಾ?"

ಪ್ರಕಾಶಣ್ಣ ಕುರ್ಚಿಯನ್ನು ಕಂಪ್ಯೂಟರಿನ ಕಡೆಗೆ ಎಳೆದುಕೊಂಡರು. ಅವಳು ತೋರಿಸಿದಳು. ನೋಡುತ್ತಾ ಕೂತವರಿಗೆ ಅವಳ ಬೆರಳು ಓಡುವ ವೇಗಕ್ಕೂ ಹೊಟ್ಟೆ ಉರಿಯಿತಂತೆ. ಅದನ್ನು ಅವರು ಮುಚ್ಚಿಡಲಿಲ್ಲ.

ಮರುದಿನ ಗಿರಣಿಗೆ ಹೋಗಿ, ಆ ಬಾನು ನನ್ನದಲ್ಲ, ಮಾಹೀನಳದ್ದು, ಕೇಳದೆ ತೆಗೆದುಕೊಂಡೆ ಎಂದು ಚೌಡಯ್ಯನಿಗೆ ಹೇಳಿದರು. ಚೌಡಯ್ಯ ಭತ್ತದ ಮಾದರಿಯನ್ನು ಅಂಗೈಯಲ್ಲಿ ಉಜ್ಜಿ ಊದುತ್ತಿದ್ದವರು ತಲೆ ಎತ್ತಲಿಲ್ಲ. "ಯಾರ ಬಾನಾದ್ರೆ ನಂಗೇನಯ್ಯ? ಅಂಚಿ ಆಯ್ತಲ್ಲ. ಓಗ್ ಓಗು." ತಪ್ಪು ಒಪ್ಪಿಕೊಂಡರೂ ಇಟ್ಟುಕೊಳ್ಳುವವರು ಇಲ್ಲದೆ ಅದನ್ನು ಹಾಗೇ ಹೊತ್ತು ವಾಪಸ್ಸು ಬಂದರು. ನನ್ನ ಬಾಗಿಲಲ್ಲಿ ಕೂತು, "ಏನ್ಮಾಡ್ಲಿ ಕಣಮ್ಮ?" ಎಂದರು. ದೇವರ ಮುಂದೆ ಹೇಳಿಕೊಳ್ಳಿ ಎಂದು ನಾನು ಹೇಳುವವಳಿದ್ದೆ. ಅಷ್ಟರಲ್ಲಿ ಅವರೇ, "ದೇವ್ರ ಮುಂದೆ ಏಳಾಯ್ತು. ಅಲ್ಲೂ ಪಕ್ಕದ್ ಮೊಳೇಲಿ ಅದೇ ನೇತಾಡ್ತದೆ" ಎಂದರು.

ಆ ಶುಕ್ರವಾರ ಅವರು ಮದ್ದೂರಿಗೆ ಹೋಗಿ ಒಂದು ರಬ್ಬರ್ ಸೀಲು ಮಾಡಿಸಿಕೊಂಡು ಬಂದರು. 'ಆಕಾಶ: ಮಾಹೀನ್, ಭಾರತೀನಗರ.' ಅವತ್ತಿನಿಂದ ಕ್ಯಾಮೆರಾ ಬ್ಯಾಗಿನಲ್ಲಿ ಆ ಸೀಲೂ ಶಾಯಿಯ ಪ್ಯಾಡೂ ಇರುತ್ತವೆ. ನಾಮಕರಣವಿರಲಿ, ಹುಡುಗಿ ದೊಡ್ಡವಳಾದ ಒಸಗೆಯಿರಲಿ, ಫೋಟೋ ತೆಗೆಯಲು ಯಾವ ಮನೆಗೆ ಹೋದರೂ ಕೆಲಸ ಮುಗಿದ ಮೇಲೆ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ, ನೆಲದ ಮೇಲೆ ಹಾಸಿ, ತಮ್ಮ ಹೆಸರಿನ ಕೆಳಗೆ ಒತ್ತುತ್ತಾರೆ. ಮತ್ತೆ ಮೊಳೆಗೆ ಹಾಕುತ್ತಾರೆ. ಎಲ್ಲ ಮನೆಗಳೂ ಅವರಿಗೆ ಸಿಕ್ಕುವುದಿಲ್ಲ. ಸಿಕ್ಕಿದಷ್ಟು.

ಮಗುವಿನ ಆಲ್ಬಂ ಕೊಡಲು ಮಲ್ಲಿಗಮ್ಮನ ಮನೆಗೆ ಹೋದಾಗಲೂ ಹಾಗೇ ಒತ್ತಿದರು. ಮಲ್ಲಿಗಮ್ಮನಿಗೆ ಓದು ಬಾರದು.

"ಅದೇನಣ್ಣ ಅದು, ಸೀಲು?"

"ಮ್ಯಾಲಿನ್ ಬಾನು ನಂದಲ್ಲ ಕಣಕ್ಕ, ಮಾಹೀನ್‌ದು. ಅದ ಬರ್ದದೆ."

"ಅಂಗಾರೆ ನೀರ್ನಾಗಿರಾದು?"

"ಅದು ನಂದೇ."

ಮಲ್ಲಿಗಮ್ಮ ಕ್ಯಾಲೆಂಡರನ್ನು ಕೈಗೆ ತೆಗೆದುಕೊಂಡು ನೀರನ್ನು ಇನ್ನೊಮ್ಮೆ ನೋಡಿದರು. "ಇದೇ ಸರ್ಯಾಗದೆ ಬುಡಣ್ಣ. ನಾಟಿ ದಿನ ಇಂಗೇ ಇರ್ತದೆ" ಎಂದು ಮೊಳೆಗೆ ಹಾಕಿದರು.

ಇದನ್ನು ಹೇಳುವಾಗ ಪ್ರಕಾಶಣ್ಣನ ಮುಖ ತುಸು ಬೆಳಗಿತ್ತು. ಆಮೇಲೆ ನನ್ನ ಗೋಡೆಯ ಕ್ಯಾಲೆಂಡರನ್ನೂ ಇಳಿಸಿಕೊಂಡು, ಹೊಲಿಗೆ ಯಂತ್ರದ ಹಲಗೆಯ ಮೇಲೆ ಇಟ್ಟು ಸೀಲು ಒತ್ತಿದರು. ಊದಿ ಒಣಗಿಸಿ, ಬೆಳಕಿಗೆ ಹಿಡಿದು ಎರಡೂ ಹೆಸರುಗಳನ್ನು ನೋಡುತ್ತಾ ನಿಂತರು.

"ಅಚ್ಚಿಂದು ತೆಳ್ಳಗದೆ, ಸೀಲಿಂದು ದಪ್ಪ ಬೀಳ್ತದೆ" ಎಂದರು. "ದೂರದಿಂದ ನೋಡುದ್ರೆ ಅವಳ ಎಸ್ರೇ ಕಾಣಾದು, ನೋಡ್ದಾ?"

ಪ್ಯಾಡಿಗೆ ಶಾಯಿ ಕಡಿಮೆ ಹಾಕಿ ಎಂದೆ. ಸ್ವಲ್ಪ ಯೋಚಿಸಿದರು. ಬೇಡ ಬಿಡು ಎನ್ನುವಂತೆ ತಲೆಯಾಡಿಸಿ, ಸೀಲನ್ನು ಬ್ಯಾಗಿನಲ್ಲಿ ಹಾಕಿಕೊಂಡು ಕೊಪ್ಪದ ಕಡೆಯ ಒಂದು ಒಸಗೆ ಮನೆಗೆ ಹೊರಟರು.